ಕೋಟಿನ ತೋಳಿನ ಗುಂಡಿ ರಹಸ್ಯ

ಈ ಜಗತ್ತಿನಲ್ಲಿ ಕಾರಣವಿಲ್ಲದೆ ಯಾರೂ ಒಂದು ತೂತನ್ನೂ ಕೊರೆಯುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಹಾಗಾಗಿ ಭಾವಮೈದುನ ತನ್ನ ಹೊಸ ಕೋಟನ್ನು ನಮ್ಮ ಕೋಣೆಯ ಮೊಳೆಗೆ ನೇತುಹಾಕಿದ್ದು ಕಂಡ ಕೂಡಲೇ, ಅದರ ಒಂದೊಂದು ತೂತು, ಸೀಳು, ಗುಂಡಿಯ ಅಂತರಾರ್ಥವನ್ನೂ ಭೇದಿಸಿಯೇ ತೀರುತ್ತೇನೆಂದು ಪಣ ತೊಟ್ಟೆ. ಹಲ್ಲುಜ್ಜುವುದು ಆಮೇಲೂ ಆಗುತ್ತದೆ!

ಕೋಟು ಬಂದದ್ದು ಅವನ ಸಂದರ್ಶನಕ್ಕೆ. ಕೆಲಸಕ್ಕಾಗಿ ಊರೆಲ್ಲ ಅಲೆದು ಚಪ್ಪಲಿ ಸವೆಸಿದವನಿಗೆ ಕೊನೆಗೂ ದೊಡ್ಡ ಅಂಗಡಿಯೊಂದರಿಂದ ಕರೆ ಬಂದಿತ್ತು. ಅಂದು ಬೆಳಿಗ್ಗೆಯೇ ಹೋಗಬೇಕು. ಅವನು ಸ್ನಾನಕ್ಕಿಳಿದಿದ್ದ. ಹೆಂಡತಿ ಅಡುಗೆಮನೆಯಿಂದಲೇ, “ರೀ, ಅದನ್ನ ಮುಟ್ಟಬೇಡಿ,” ಎಂದಳು. ನಾನಿನ್ನೂ ಮುಟ್ಟಿರಲೇ ಇಲ್ಲ. ಅವಳಿಗೆ ನನ್ನ ಮೌನವೂ ಕೇಳಿಸುತ್ತದೆ.

ಮೊದಲು ಜೇಬು. ಅದರ ಬಾಯಿ ಹೊಲಿದುಬಿಟ್ಟಿದ್ದರು! ಗಡ್ಡದ ಬ್ಲೇಡು ತಂದು ದಾರ ಕತ್ತರಿಸಿದೆ. ಒಳಗೆ ಸಾಕ್ಷಾತ್ ಜೇಬು! ಅಂಗಡಿಯಲ್ಲಿ ನೇತಾಡುವಾಗ ಆಕಾರ ಕೆಡದಿರಲೆಂದು ಹೊಲಿದಿರುತ್ತಾರೆ, ಕೊಂಡವನು ಬಿಚ್ಚಿಕೊಳ್ಳಬೇಕು. ಬೆನ್ನ ಕೆಳಗಿನ ಸೀಳಿಗೂ ಅಡ್ಡಡ್ಡ ದಾರ ಹಾಕಿದ್ದರು. ಅದನ್ನೂ ಕತ್ತರಿಸಿದೆ. ಕುದುರೆ ಏರಿದವರ ಕೋಟು ಮುದುಡದಿರಲೆಂದು ಹುಟ್ಟಿದ ಸೀಳು ಅದು. ನಮ್ಮವನು ಬಸ್ಸಿನಲ್ಲಿ ಹೋಗುವವನು, ನಿಜ; ಆದರೂ ದಾರಿಯಲ್ಲಿ ಕುದುರೆ ಸಿಕ್ಕರೆ ಬೇಡವೆನ್ನುವಂತಾಗಬಾರದಲ್ಲ! ಕಾಲರಿನ ಒಂಟಿ ತೂತು ಹೂವಿಗೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಕೈ ಎಟುಕಲಿಲ್ಲ, ಅಷ್ಟೇ.

ಉಳಿದದ್ದು ತೋಳಿನ ತುದಿಯ ಗುಂಡಿಗಳು. ಪಕ್ಕದಲ್ಲೇ ಗುಂಡಿ ತೂರಿಸುವ ಕಾಜಾದ ಹೊಲಿಗೆಯೂ ಇತ್ತು, ಆದರೆ ತೂತೇ ಇಲ್ಲ. ಜೇಬು ಮುಚ್ಚಿದ್ದರು, ಬಿಚ್ಚಿದೆ, ಸೀಳು ಮುಚ್ಚಿದ್ದರು, ಬಿಚ್ಚಿದೆ, ಇದನ್ನೂ ಮುಚ್ಚಿದ್ದಾರೆ! ಇಂಥ ತರ್ಕಕ್ಕೆ ಎದುರುಂಟೆ? ಬ್ಲೇಡು ಎಳೆದೆ. ಗುಂಡಿಗಳು ಟಪಟಪನೆ ಉದುರಿ ಮಂಚದಡಿ ಸೇರಿದವು, ತೋಳು ಬಾಯಿಬಿಟ್ಟಿತು, ಒಳಗಿನ ಅಸ್ತರಿ ಬಟ್ಟೆ ನಾಲಿಗೆಯಂತೆ ಹೊರಚಾಚಿತು. ಒಂದು ತೋಳು ಹಾಗೆ, ಇನ್ನೊಂದು ಹೀಗೆ ಇದ್ದರೆ ಚೆನ್ನಾಗಿರದೆಂದು ಎರಡನೆಯದನ್ನೂ ಸರಿಸಮ ಮಾಡಿದೆ.

ಭಾವಮೈದುನ ಬಂದು ಕೋಟಿಗೆ ಕೈ ತೂರಿಸಿದ. ಕೈ ಹೋದದ್ದು ಸರಿಯಾಗಿಯೇ. ಹೊರಬಂದದ್ದು ಮಾತ್ರ ಗುಂಡಿಗಳಿದ್ದ ಜಾಗದಿಂದ, ಅಸ್ತರಿಯನ್ನು ಚೀಲದಂತೆ ತೊಟ್ಟುಕೊಂಡು. “ಅಕ್ಕಾ,” ಎಂದನಷ್ಟೇ. ಅಳುವುದೋ ನಗುವುದೋ ಅವನ ಮುಖ ಇನ್ನೂ ತೀರ್ಮಾನಿಸಿರಲಿಲ್ಲ.

ಹೆಂಡತಿ ಸೂಜಿದಾರ ಹಿಡಿದೇ ಓಡಿಬಂದಳು. “ಆ ಗುಂಡಿ ಬರೀ ಚಂದಕ್ಕೆ ಕಣ್ರೀ.”

“ಬರೀ ಚಂದಕ್ಕಾ? ಬೇರೇನೂ ಕೆಲಸ ಇಲ್ವಾ ಅದಕ್ಕೆ?”

“ಏನೂ ಕೆಲಸ ಇಲ್ದೆ ಮನೇಲಿ ನೀವಿಲ್ವಾ? ಅದೂ ಚಂದಕ್ಕೂ ಅಲ್ಲ.”

ಸೀಳಿದ್ದನ್ನೆಲ್ಲ ಒಳಕ್ಕೆ ಮಡಚಿ ಹೊಲಿದಾಗ ತೋಳು ಮಣಿಕಟ್ಟು ಬಿಟ್ಟು ಮೊಣಕೈಯ ಕಡೆಗೆ ಪ್ರಯಾಣ ಬೆಳೆಸಿತ್ತು. ತಮ್ಮನ ಕೋಟು ತೊಟ್ಟ ಅಣ್ಣನಂತೆ ಅವನು ಬಸ್ಸಿಗೆ ಓಡಿದ. ನಾನು ಪೇಪರನ್ನು ತಲೆಕೆಳಗಾಗಿ ಹಿಡಿದು ಕೂತೆ. ಈ ಕೆಲಸ ತಪ್ಪಿದರೆ ಅಕ್ಕ ತಮ್ಮ ಇಬ್ಬರಿಗೂ ಮುಖ ತೋರಿಸುವಂತಿರಲಿಲ್ಲ.

ಮಧ್ಯಾಹ್ನ ನಗುತ್ತಲೇ ಬಂದ. “ಕೆಲಸ ಸಿಕ್ತು ಭಾವ!”

“ನಾನು ಹೇಳಲಿಲ್ವಾ?” ಎಂದೆ. ಹೇಳಿರಲಿಲ್ಲ.

“ತೋಳಿಗೆ ಏನಾಯ್ತು ಅಂತ ಕೇಳಿದ್ರು. ನಿಮ್ಮ ವಿಷಯ ಪೂರ್ತಿ ಹೇಳಿದೆ. ‘ಅದಕ್ಕೆ ನೀವು ಅವರಿಗೆ ಏನಂದ್ರಿ?’ ಅಂದ್ರು. ‘ಏನೂ ಅನ್ನಲಿಲ್ಲ, ಹೋಗಿ ಬರ್ತೀನಿ ಭಾವ ಅಂದೆ’ ಅಂದೆ. ಅಲ್ಲೇ ಒಪ್ಕೊಂಡ್ರು.”

“ಭೇಷ್! ಯಾವ ವಿಭಾಗ?”

“ಗಿರಾಕಿಗಳ ದೂರು ವಿಭಾಗ. ನನಗೆ ತರಬೇತಿ ಮನೇಲೇ ಆಗಿದೆಯಂತೆ.”