ಬಾಗಿಲು ಹಾಕಿಕೊಂಡು ಹಾಕಿದ ಜಡೆ

ವೇದಿಕೆಯ ಮೇಲೆ ನಿಂತು ಹೆಣ್ಣು ಗಂಡು ಸಮಾನ ಎಂದು ಹೇಳುವುದು ಬಹಳ ಸುಲಭ. ಅಲ್ಲಿ ಮೇಜಿರುತ್ತದೆ, ಗುದ್ದುವುದಕ್ಕೆ. ಲೋಟದಲ್ಲಿ ನೀರಿರುತ್ತದೆ, ಮಾತು ಸಿಕ್ಕದಾಗ ಕುಡಿಯುವುದಕ್ಕೆ. ಅದೇ ಸಮಾನತೆ ಬೆಳಿಗ್ಗೆ ಎಂಟು ಗಂಟೆಗೆ, ಒಂದು ಕೈಯಲ್ಲಿ ಬಾಚಣಿಗೆ ಇನ್ನೊಂದು ಕೈಯಲ್ಲಿ ಕೆಂಪು ಟೇಪು ಹಿಡಿದುಕೊಂಡು ನಮ್ಮ ಮುಂದೆ ಬಂದು ನಿಂತರೆ, ಮೇಜೂ ಇಲ್ಲ, ನೀರೂ ಇಲ್ಲ. ನನಗೆ ಅದು ಬಂದಾಗ ಏಳು ವರ್ಷದ ನನ್ನ ಮಗಳು ಸುಶೀಲಳ ರೂಪದಲ್ಲಿ ಬಂತು.

ಅರವತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನು ಯಶವಂತಪುರದ ಒಂದು ಗೋದಾಮಿನಲ್ಲಿ ಗುಮಾಸ್ತ. ಕೊಡಿಗೇಹಳ್ಳಿಯ ರಾಗಿ ಹೊಲದಿಂದ ಎದ್ದು ಬಂದು, ಇಸ್ತ್ರಿ ಮಾಡಿದ ಷರಟು ಹಾಕಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಮೇಲೆ ನನಗೆ ನಾನೇ ಬಹಳ ಮುಂದುವರಿದ ಮನುಷ್ಯನಾಗಿ ಕಾಣುತ್ತಿದ್ದೆ. ಏಳು ಮನೆಗಳ ಒಂದು ವಠಾರದಲ್ಲಿ ನಮ್ಮದು ಮೂರನೆಯ ಮನೆ. ನಾನು, ಹೆಂಡತಿ ಜಯ, ಮಗಳು, ನನ್ನ ತಾಯಿ. ಅಂಗಳದ ಮಧ್ಯೆ ಒಂದು ನಲ್ಲಿ. ಆ ನಲ್ಲಿಯ ಸುತ್ತ ಸೇರುವ ಹೆಂಗಸರಿಗೆ ಗೊತ್ತಾಗದೆ ಯಾವ ಮನೆಯಲ್ಲೂ ಸಾರಿಗೆ ಒಗ್ಗರಣೆ ಬೀಳುತ್ತಿರಲಿಲ್ಲ.

ಜಯ ಯಲಹಂಕದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಊರ ಹತ್ತಿರ ಹೊಸದಾಗಿ ಬಂದ ರೇಡಿಯೋ ಭಾಗಗಳ ಕಾರ್ಖಾನೆಯಲ್ಲಿ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಸಣ್ಣ ತಂತಿ ಜೋಡಿಸುವುದಕ್ಕೆ ಅವರ ಬೆರಳೇ ಸರಿ ಎಂದು ಯಾರೋ ಹೇಳಿದರು. ಅವಳು ಅರ್ಜಿ ಹಾಕಿದಳು. ಆ ತಿಂಗಳಲ್ಲೇ ನಾನು ನಮ್ಮ ಗುಮಾಸ್ತರ ಸಂಘದಲ್ಲಿ ಸ್ತ್ರೀ ಸಮಾನತೆಯ ಮೇಲೆ ಅರ್ಧ ಗಂಟೆ ಭಾಷಣ ಮಾಡಿದ್ದೆ. ಕೆಲಸದ ಆರ್ಡರು ಬಂದಾಗ ಬೇಡ ಎನ್ನುವುದಕ್ಕೆ ಬಾಯಿ ಎಲ್ಲಿತ್ತು? "ಹೋಗು, ಧಾರಾಳವಾಗಿ ಹೋಗು" ಎಂದೆ. ಅದನ್ನು ಹೇಳುವಾಗ ನನ್ನ ಎದೆ ಒಂದು ಅಂಗುಲ ಉಬ್ಬಿದ್ದು ಜಯಳ ಕಣ್ಣಿಗೆ ಬಿದ್ದಿರಬೇಕು. "ಬೆಳಿಗ್ಗೆ ಆರಕ್ಕೆ ಬಸ್ಸು ಬರುತ್ತಂತೆ ಕಣ್ರೀ. ಅಡುಗೆ ಮಾಡಿಟ್ಟೇ ಹೋಗ್ತೀನಿ. ಸುಶೀಲನ ತಲೆ ಮಾತ್ರ ನೀವು ಬಾಚಬೇಕು" ಎಂದಳು. ತಲೆ ತಾನೆ, ಎಂದೆ ನಾನು.

ನನ್ನ ತಾಯಿ ಬಾಚಬಹುದಿತ್ತಲ್ಲ ಎಂದು ನೀವು ಕೇಳಬಹುದು. ವಾಯುವಿನಿಂದ ಆಕೆಯ ಬೆರಳು ಮಡಿಸಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಿಸುತ್ತಿರಲಿಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ ಸುಶೀಲ ನನ್ನ ಮುಂದೆ ಬೆನ್ನು ಮಾಡಿ ಕೂತಳು. ಶಾಲೆಯಲ್ಲಿ ಎರಡು ಜಡೆ ಹಾಕಿ, ಮಡಿಚಿ, ಟೇಪು ಕಟ್ಟಿಕೊಂಡೇ ಬರಬೇಕೆಂಬ ನಿಯಮ. ಕೂದಲನ್ನು ಮೂರು ಪಾಲು ಮಾಡುವುದು ಲೆಕ್ಕದಲ್ಲಿ ಸುಲಭ. ತಲೆಯ ಮೇಲೆ, ಎರಡು ಪಾಲು ಹಿಡಿಯುವಷ್ಟರಲ್ಲಿ ಮೂರನೆಯದು ಬೇರೆಯವರ ಆಸ್ತಿಯಾಗಿರುತ್ತದೆ. ಅರ್ಧ ಗಂಟೆ ಹೆಣಗಿದ ಮೇಲೆ ಒಂದು ಜಡೆ ಕಿವಿಯ ಮೇಲೆ ಹುಟ್ಟಿತು, ಇನ್ನೊಂದು ಕತ್ತಿನ ಕೆಳಗೆ. ಅಮ್ಮ ಒಳಗಿನಿಂದ ಬಂದು ನೋಡಿದಳು. "ಏನ್ಲಾ ಇದು? ಒಂದು ಜಡೆ ಎಬ್ಬಾಳ ನೋಡ್ತದೆ, ಒಂದು ಯಲಂಕ ನೋಡ್ತದೆ" ಎಂದಳು. ಮಗಳು ಕನ್ನಡಿ ನೋಡಿ ಅತ್ತಳು. ಅಳುತ್ತಲೇ ಶಾಲೆಗೆ ಹೋದಳು.

ಕಲಿಯಲೇಬೇಕೆಂದು ಹಟ ಬಂತು. ಗೋದಾಮಿನಲ್ಲಿ ಊಟದ ಬಿಡುವಿನಲ್ಲಿ ಚೀಲ ಹೊಲಿಯುವ ಸೆಣಬಿನ ದಾರವನ್ನು ಕಿಟಕಿಯ ಸರಳಿಗೆ ಕಟ್ಟಿ ಹೆಣೆದು ಅಭ್ಯಾಸ ಮಾಡಿದೆ. ಎರಡನೆಯ ದಿನವೇ ಜೊತೆಯ ಗುಮಾಸ್ತ ಶಾಮಣ್ಣ ಬೆನ್ನ ಹಿಂದೆ ಬಂದು ನಿಂತಿದ್ದ. "ಏನ್ ಗುರು ಇದು?" "ಊರಲ್ಲಿ ಹಸುಗೆ ಹಗ್ಗ ಬೇಕಂತೆ" ಎಂದೆ. ಅವನು ಹಗ್ಗವನ್ನು ಎತ್ತಿ ನೋಡಿ, "ಹಸು ಬಹಳ ಬಡಕಲು ಅಂತ ಕಾಣುತ್ತೆ" ಎಂದು ಹೋದ.

ಬೆರಳು ಹದಕ್ಕೆ ಬರುತ್ತಿದ್ದರೂ ಮನಸ್ಸು ಬರಲಿಲ್ಲ. ನಲ್ಲಿಯ ಹತ್ತಿರದ ಹೆಂಗಸರು ನೋಡಿದರೆ? ಅದಕ್ಕಾಗಿ ಬಾಗಿಲು, ಕಿಟಕಿ ಎರಡನ್ನೂ ಹಾಕಿಕೊಂಡು, ಕಳ್ಳನೋಟು ಅಚ್ಚು ಮಾಡುವವನ ಹಾಗೆ ಜಡೆ ಹಾಕುತ್ತಿದ್ದೆ. ಕತ್ತಲಲ್ಲಿ ಸಿಕ್ಕು ಕಾಣುತ್ತಿರಲಿಲ್ಲ; ಬಾಚಣಿಗೆ ಸಿಕ್ಕಿದಲ್ಲಿ ಎಳೆಯುತ್ತಿದ್ದೆ; ಮಗಳು "ಅಯ್ಯೋ ಅಪ್ಪ, ಬೇಡಪ್ಪ, ಬಿಡಪ್ಪ" ಎಂದು ಕಿರುಚುತ್ತಿದ್ದಳು. ಹೊರಗಿನವರಿಗೆ ಕಂಡದ್ದಿಷ್ಟು: ಹೆಂಡತಿ ಆರಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಎಂಟಕ್ಕೆ ಗಂಡ ಬಾಗಿಲು ಹಾಕುತ್ತಾನೆ, ಒಳಗೆ ಮಗು ಕೂಗಿಕೊಳ್ಳುತ್ತದೆ. ಪ್ರತಿದಿನ.

ಎರಡನೆಯ ವಾರ ಯಾರೋ ಬಾಗಿಲು ಧಡಧಡ ಬಡಿದರು. "ತೆಗೀರಿ ಬಾಗ್ಲು! ಹೆಂಡ್ತಿ ಮೇಲಿನ ಸಿಟ್ಟು ಮಗು ಮೇಲೆ ತೀರಿಸ್ಕೋತೀರಾ? ಗಂಡಸಾದ್ರೆ ಹೊರಗ್ ಬನ್ನಿ!" ಎದುರು ಮನೆಯ ಕಮಲಮ್ಮನವರ ದನಿ. ಆಕೆ ವಠಾರದ ಹಿರಿಯರು. ಜಗಳಕ್ಕೆ ನ್ಯಾಯಾಧೀಶರೂ ಅವರೇ, ಸಾಕ್ಷಿಯೂ ಅವರೇ. ನಾನು ಎದ್ದು ಚಿಲಕ ತೆಗೆದೆ. ಹೊರಗೆ ಐದು ಜನ ಹೆಂಗಸರು, ಒಬ್ಬರ ಕೈಯಲ್ಲಿ ಬಟ್ಟೆ ಒಗೆಯುವ ಕೋಲು. ಒಳಗೆ ನಾನು, ಬಾಯಲ್ಲಿ ಕಚ್ಚಿದ ಕೆಂಪು ಟೇಪು, ಬಲಗೈಯಲ್ಲಿ ಮಗಳ ಅರ್ಧ ಜಡೆ. ಬಿಟ್ಟರೆ ಬಿಚ್ಚಿಹೋಗುತ್ತದೆಂದು ಅವಳನ್ನೂ ಬಾಗಿಲವರೆಗೆ ನಡೆಸಿಕೊಂಡೇ ಬಂದಿದ್ದೆ. ಕೋಲು ಹಿಡಿದಿದ್ದವರು ಅದನ್ನು ಮೆಲ್ಲಗೆ ಕೆಳಗಿಳಿಸಿದರು. ಆಮೇಲೆ ಎದ್ದ ನಗು ಯಶವಂತಪುರದ ಸ್ಟೇಷನ್ನಿಗೆ ಕೇಳಿಸಿರಬೇಕು. ಸುಶೀಲಳೂ ನಕ್ಕಳು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅಂದು ಗೋದಾಮಿನಲ್ಲಿ ಕೆಲಸ ಮಾಡಲಾಗಲಿಲ್ಲ. ಸಂಜೆ ಜಯ ರಾಗಿಹಿಟ್ಟಿಗೆ ಎಸರಿಡುತ್ತಿದ್ದಾಗ ಹೋಗಿ ನಿಂತು, ಆಚೆ ಈಚೆ ನೋಡಿ, "ಈ ಕೆಲಸ ಬಿಟ್ಟುಬಿಡು. ಮನೆ ಮರ್ಯಾದೆ ಹೋಗ್ತಿದೆ" ಎಂದೆ. ಅವಳು ತಿರುಗಲಿಲ್ಲ. ಒಲೆಯೊಳಗೆ ಒಂದು ಸೌದೆ ನೂಕಿದಳು. ಬೆಳಿಗ್ಗೆ ನಾಲ್ಕೂವರೆಗೆ ಎದ್ದವಳು; ದಿನವಿಡೀ ತಂತಿ ನೋಡಿ ಕಣ್ಣು ಕೆಂಪಾಗಿತ್ತು. "ಆಯ್ತು, ಬಿಡ್ತೀನಿ. ರಾಜೀನಾಮೆ ಕಾಗದದಲ್ಲಿ ಕಾರಣ ಬರೀಬೇಕಂತೆ. ಏನಂತ ಬರೀಲಿ? ನಮ್ಮ ಯಜಮಾನರಿಗೆ ಜಡೆ ಹಾಕೋಕೆ ನಾಚಿಕೆ ಅಂತ ಬರೀಲಾ? ನೀವೇ ಹೇಳಿ, ನಿಮ್ಮ ಕನ್ನಡ ಚೆನ್ನಾಗಿದೆ" ಎಂದಳು. ದನಿ ಏರಲಿಲ್ಲ. ಆದರೆ ಎಸರಿಗೆ ಹಾಕಬೇಕಾದ ಹಿಟ್ಟು ಅರ್ಧ ಒಲೆಯ ಮೇಲೆ ಚೆಲ್ಲಿತು. ಆ ಕೆಲಸ ಅವಳಿಗೆ ಎಷ್ಟು ಬೇಕಾಗಿತ್ತು ಎಂದು ನನಗೆ ಆಗ ಗೊತ್ತಾಯಿತು. ನಾನು ಅಷ್ಟು ದಿನ ಕೇಳಿಯೇ ಇರಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಅಮ್ಮ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದಳು. ನನ್ನ ಪರ ಮಾತಾಡುತ್ತಾಳೆಂದು ನಾನು ನೆಟ್ಟಗೆ ನಿಂತೆ.

"ನೀನು ತೊಟ್ಲಾಗಿದ್ದಾಗ ಒಂದ್ಸಲ ನಿಮ್ಮಪ್ಪಂಗೆ ಚಳಿಜ್ವರ ಬಂತು. ಮಳೆ ಬಂದು ನೆಲ ಉಳಾಕೆ ಅದವಾಗಿತ್ತು. ಆಳು ಸಿಗ್ನಿಲ್ಲ. ನಾನೇ ಎತ್ತು ಕಟ್ಟಿ ನೇಗಿಲು ಇಡ್ದೆ. ಎಂಗ್ಸು ನೇಗಿಲು ಮುಟ್ಟಿದ್ರೆ ಊರಿಗೆ ಮಳೆ ಇಲ್ದಂಗಾಯ್ತದೆ ಅಂತ ಜನ ಕೆರೆ ಏರಿ ಮ್ಯಾಲೆ ನಿಂತ್ಕಂಡು ಬಾಯಿಗೆ ಬಂದಂಗೆ ಬೈದ್ರು."

"ಅಪ್ಪ ಏನಂದ?" ಎಂದೆ. ಈ ಕತೆ ನಾನು ಕೇಳಿರಲಿಲ್ಲ.

"ಏನಂತಾನೆ? ಕಂಬಳಿ ಸುತ್ಕಂಡು ನಡುಗ್ತಾ ಬಂದು ಬದು ಮ್ಯಾಲೆ ಕುಂತ್ಕಂಡ. ಜನದ ಕಡೆ ತಿರುಗಿ ನೋಡ್ನಿಲ್ಲ. ಎತ್ತು ಎಲ್ಲಿ ತಿರುಗಿಸ್ಬೇಕೋ ಅಲ್ಲಿ ಇಂಗೆ ಕೈ ತೋರಿಸ್ತಿದ್ದ, ಅಷ್ಟೆಯ. ಆ ವರ್ಸ ಮಳೆನೂ ಬಂತು, ರಾಗಿನೂ ಬಂತು. ನೀನೂ ಉಂಡೆ. ಎಂಗ್ಸು ಉತ್ತ ರಾಗಿ ಅಂತ ನಿಂಗೇನೂ ಒಟ್ಟೆ ನೋವು ಬರ್ನಿಲ್ಲ."

ಜಯ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೊಗೆಗೋ ಏನೋ. ನಾನು ಆಮೇಲೆ ಮರ್ಯಾದೆಯ ಮಾತೆತ್ತಲಿಲ್ಲ. ಅಪ್ಪ ನನಗೆ ಬುದ್ಧಿ ಬರುವ ಮೊದಲೇ ತೀರಿಕೊಂಡವನು. ಅವನ ಬಗ್ಗೆ ನನಗೆ ಗೊತ್ತಿದ್ದದ್ದು ಮೀಸೆ ಒಂದೇ. ಆ ಸಂಜೆಯಿಂದ ಕಂಬಳಿ ಸುತ್ತಿಕೊಂಡು ಬದುವಿನ ಮೇಲೆ ಕೂತ ಒಬ್ಬ ಮನುಷ್ಯ ಕಾಣತೊಡಗಿದ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದು, ಹೊರಗಿನ ಮೆಟ್ಟಿಲ ಮೇಲೆ ಬೆಳಕಿನಲ್ಲಿ ಕೂತು ಮಗಳ ತಲೆ ಬಾಚಿದೆ. ನಲ್ಲಿಯ ಹತ್ತಿರದ ಹೆಂಗಸರೆಲ್ಲ ಇತ್ತ ತಿರುಗಿದರು. ಕೊಡ ತುಂಬಿ ಹರಿಯುತ್ತಿದ್ದರೂ ಯಾರಿಗೂ ಗಮನವಿಲ್ಲ. ಜಕ್ಕೂರಿನ ವಿಮಾನ ಕಲಿಸುವ ಶಾಲೆಯ ಪುಟ್ಟ ವಿಮಾನವೊಂದು ಗುರ್ ಎಂದು ತಲೆಯ ಮೇಲೆ ಹೋಯಿತು; ಸುಶೀಲ ಅದನ್ನು ನೋಡಲು ಕತ್ತೆತ್ತಿದಳು; ನಾನು ಹಿಡಿದಿದ್ದ ಮೂರು ಎಳೆಯೂ ಜಾರಿತು. ಕಮಲಮ್ಮ ಕೊಡ ಇಳಿಸಿ ನೇರ ನನ್ನ ಹತ್ತಿರ ಬಂದರು. "ಎಣ್ಣೆ ಸಾಲದು ಕಣಪ್ಪ. ಬುಡದಲ್ಲಿ ಬಿಗಿಯಾಗಿ ಹಿಡ್ಕೊಂಡು ಹೆಣೀಬೇಕು. ನಿನ್ನೆ ಏನೇನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ" ಎಂದು ತೋರಿಸಿಕೊಟ್ಟು ಹೋದರು.

ಆಮೇಲಿನದ್ದು ಸುಖದ ಕಾಲ. ಒಂದೆರಡು ತಿಂಗಳಲ್ಲಿ ನನ್ನ ಜಡೆ ವಠಾರದಲ್ಲಿ ಹೆಸರು ಮಾಡಿತು. ಅವಸರದ ದಿನ ಪಕ್ಕದ ಮನೆಯ ಹುಡುಗಿಯರೂ ಟೇಪು ಹಿಡಿದು ಸಾಲಾಗಿ ಕೂರುತ್ತಿದ್ದರು. ಶಾಮಣ್ಣನಿಗೂ ವಿಷಯ ತಿಳಿಯಿತು, ಒಂದು ವಾರ ನಕ್ಕು, ಎರಡನೆಯ ವಾರ ಬಂದು "ಸಿಕ್ಕು ಬಿಡಿಸೋದು ಹೇಗೆ ಮಾರಾಯ?" ಎಂದು ಪಿಸುಗುಟ್ಟಿದ. "ಜಯಾ, ಎಂಥಾ ಗಂಡನ್ನ ಪಡ್ಕೊಂಡು ಬಂದಿದ್ದೀಯೇ! ದೇವರಂಥ ಮನುಷ್ಯ" ಎಂದು ಹೆಂಗಸರು ನನ್ನ ಎದುರಿಗೇ ಹೇಳುತ್ತಿದ್ದರು. ನಾನು "ಅಯ್ಯೋ, ಅದರಲ್ಲೇನಿದೆ" ಎನ್ನುತ್ತಿದ್ದೆ; ಇನ್ನೊಂದು ಸಲ ಹೇಳಲಿ ಎಂದು ಸ್ವಲ್ಪ ಅಲ್ಲೇ ನಿಲ್ಲುತ್ತಲೂ ಇದ್ದೆ. ಜಯ ನಕ್ಕು ಕೊಡ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ದಿನ ಮೆಟ್ಟಿಲ ಮೇಲೆ ಕೂತಿದ್ದಾಗ ಸುಶೀಲ ಕೇಳಿದಳು: "ಅಪ್ಪ, ನೀನು ಜಡೆ ಹಾಕಿದ್ರೆ ಎಲ್ರೂ ದೇವರು ಅಂತಾರೆ. ಮುಂಚೆ ದಿನಾ ಅಮ್ಮನೇ ಹಾಕ್ತಿದ್ಲಲ್ಲ, ಆಗ ಅಮ್ಮಂಗೆ ಯಾರೂ ಏನೂ ಅನ್ಲಿಲ್ಲ ಯಾಕೆ? ಈಗಲೂ ಅಡುಗೆ ಎಲ್ಲಾ ಅಮ್ಮನೇ ಮಾಡಿಟ್ಟು ಹೋಗ್ತಾಳೆ."

ಸಂಘದಲ್ಲಿ ಅರ್ಧ ಗಂಟೆ ಮಾತಾಡಿದ್ದ ನಾನು ಬಾಚಣಿಗೆ ಎತ್ತಿಕೊಂಡೆ. ಅವಳ ತಲೆಯನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿ, "ಅಲ್ಲಾಡಬೇಡ ಕಣೇ, ಬೈತಲೆ ಸೊಟ್ಟಗಾಗುತ್ತೆ" ಎಂದೆ.