ಆರಾಮಿಲ್ಲದವರ ಆರಾಮ

ಕಚೇರಿ ಬಿಟ್ಟು ಬಂದ ಮ್ಯಾಲೆ ಒಂದು ತಾಸು ಆರಾಮ ಇರಬೇಕು ಅಂತ ನಾನು ಮನಸ್ಸು ಮಾಡಿದಾಗೆಲ್ಲಾ ಏನಾದರೊಂದು ಫಜೀತಿ ಆಗೇ ಆಗತಿತ್ತು. ತಪ್ಪು ನಂದ ಇತ್ತು ಅಂತ ಈಗ ಅನಸತೈತಿ. ಆಗ ಮಾತ್ರ ಎಲ್ಲಾ ತಪ್ಪು ಎದುರುಮನಿಯವರದು ಅಂತ ಗಟ್ಟಿ ನಂಬಿದ್ದೆ.

ಬ್ರಿಟಿಷರ ಕಾಲ. ಎದುರುಮನಿಯವರೂ ನನ್ನಂಗ ಕಾರಕೂನರು. ಇಬ್ಬರದೂ ಒಂದ ಕಚೇರಿ, ಒಂದ ಮೇಜು. ಸಾಹೇಬ ಬೈದರೂ ಇಬ್ಬರಿಗೂ ಕೂಡೇ ಬೈತಿದ್ದ. ದಿನಾ ಮಸಿದೌತ್ಯಾಗ ಟಾಕು ಅದ್ದಿ ನಕಲು ಬರದೂ ಬರದೂ ಇಬ್ಬರ ಬೆರಳೂ ಸೆಟದಿರತಿದ್ದವು. ಸಂಜಿಗೆ ಜೋಡೀಲೆ ಧಾರವಾಡದ ನಮ್ಮ ಓಣಿಗೆ ನಡಕೊಂಡು ಬರತಿದ್ವಿ. ಅಲ್ಲಿ ತನಕ ಇಬ್ಬರೂ ಸಮ. ಅವರು ಎಡಕ್ಕ, ನಾನು ಬಲಕ್ಕ ಹೊಳ್ಳಿದ ಕೂಡಲೇ ನನ್ನ ಹೊಟ್ಟಿಕಿಚ್ಚು ಶುರು.

೧. ಕಾಢೆ

ಅವರ ಕಟ್ಟಿ ಮ್ಯಾಲೆ ಒಂದು ಆರಾಮ ಕುರ್ಚಿ ಇತ್ತು. ಕಾಲು ತೊಳಕೊಂಡು ಬಂದು ಅದರಾಗ ಅಡ್ಡಾದರು ಅಂದ್ರ ಊಟಕ್ಕ ಕರಿಯೋ ತನಕ ಏಳತಿದ್ದಿಲ್ಲ. ಚಹಾ ಕೈಯಾಗ ಬರತಿತ್ತು, ಬೀಸಣಿಕಿ ಬ್ಯಾರೆ. ನೀರು ಸೇದ್ರಿ, ಕಟಗಿ ಒಡೀರಿ ಅಂತ ಆ ಮನ್ಯಾಗ ಒಂದು ಮಾತೂ ಕೇಳತಿದ್ದಿಲ್ಲ. ನಾನು ಓಣಿ ಬಾವ್ಯಾಗ ಕೊಡ ಬಿಟ್ಟು ಜಗ್ಗೋ ಮುಂದ ಅವರು ಅರ್ಧ ಕಣ್ಣು ತೆಗೆದು ನೋಡತಿದ್ದರು. ಆ ಅರ್ಧ ಕಣ್ಣು ನನಗ ಸಹಿಸಾಕ ಆಗತಿರಲಿಲ್ಲ.

ಒಂದು ಸಂಜಿ ನಾನೂ ಹಟಕ್ಕ ಬಿದ್ದು ಪಡಸಾಲ್ಯಾಗ ಚಾಪಿ ಹಾಸಿ ಮಲಗಿದೆ. ಹೆಂಡತಿ ಓಡಿ ಬಂದು ಹಣಿ ಮುಟ್ಟಿ ನೋಡಿದಳು.

"ಯಾಕ್ರಿ, ಆರಾಮಿಲ್ಲೇನು?"

ನಮ್ಮ ಕಡೆ ಆರಾಮಿಲ್ಲ ಅಂದ್ರ ಜಡ್ಡು ಅಂತ ಅರ್ಥ. "ಆರಾಮ ಇದ್ದೇನಿ. ಸ್ವಲ್ಪ ಆರಾಮ ಆಗಲಿ ಅಂತ ಮಲಗೇನಿ" ಅಂದೆ.

"ಆರಾಮ ಇದ್ದವರು ಮತ್ತ್ಯಾಕ ಆರಾಮ ಆಗಬೇಕು?"

ಹೆಂಡತಿ ಒಳಗ ಹೋಗಿ ಒಂದು ಕೈಯಾಗ ಬೇರು ಕುದಿಸಿದ ಕಹಿ ಕಾಢೆ, ಇನ್ನೊಂದು ಕೈಯಾಗ ಬಾವಿ ಹಗ್ಗ ಹಿಡಕೊಂಡು ಬಂದಳು. ಜಡ್ಡಾಗಿದ್ದರ ಇದನ್ನ ಕುಡೀಬೇಕು, ಇಲ್ಲಂದ್ರ ಅದನ್ನ ಹಿಡೀಬೇಕು. ಕಾಢೇದ ವಾಸನಿ ಒಮ್ಮೆ ತಗೊಂಡು ಹಗ್ಗ ಹಿಡಕೊಂಡು ಎದ್ದೆ.

೨. ಕುರ್ಚಿ

ಇದೆಲ್ಲಾ ಕುರ್ಚಿ ಮಹಿಮಾ ಅಂತ ನನಗ ಖಾತ್ರಿ ಆತು. ಕುರ್ಚ್ಯಾಗ ಕೂತವರನ್ನ ಯಾರೂ ಏಳಸೂದಿಲ್ಲ, ಚಾಪಿ ಮ್ಯಾಲೆ ಮಲಗಿದವರನ್ನ ಯಾರು ಬೇಕಾದರೂ ಏಳಸತಾರ. ಬಡಿಗ್ಯಾನ್ನ ಕರಿಸಿ ಅಂಥಾದ್ದ ಒಂದು ಮಾಡು ಅಂದೆ. ಅಂಥಾದ್ದಲ್ಲ, ಅದಕ್ಕಿಂತ ನಾಕು ಬೆರಳು ಉದ್ದಂದು.

ಕುರ್ಚಿ ಬಂದ ದಿನಾನ ಹುಬ್ಬಳ್ಳಿಯಿಂದ ನಮ್ಮ ಮಾವನವರೂ ಬಂದರು. ಎರಡು ದಿನ ಇದ್ದು ಹೋಗತೇನಿ ಅಂತ ಹೇಳಿ, ಪಗಡಿ ತೆಗೆದು, ಕುರ್ಚ್ಯಾಗ ಕಾಲು ಚಾಚಿದರು.

"ಅಳಿಯಾರ, ನನಗಂತ ಇಷ್ಟು ಛಲೋ ಕುರ್ಚಿ ಮಾಡಸೀರಲ್ಲ" ಅಂದಾಗ ಅವರ ಕಣ್ಣಾಗ ನೀರಿತ್ತು. ನಂದ್ರೀ ಅದು ಅಂತ ಹೆಂಗ ಹೇಳಲಿ? ಎರಡು ದಿನ ಹೋಗಿ ಎರಡು ತಿಂಗಳಾತು. ನಾನು ಮೆಟ್ಟಲ ಮ್ಯಾಲೆ ಕುಂಡರತಿದ್ದೆ. ಎದುರಿನವರು ತಮ್ಮ ಕುರ್ಚ್ಯಾಗಿಂದನ ಕೂಗಿ, ನಿಮ್ಮ ಕುರ್ಚಿ ನಮ್ಮದಕ್ಕಿಂತ ಛಲೋ ಐತಿ, ನೀವೂ ಒಮ್ಮೆ ಕೂತು ನೋಡ್ರಿ ಅಂದರು.

೩. ತಿರುಗಾಟ

ಆಯಿತವಾರ ಸೂಟಿದಿನ ಅವರು ಬೆಳ್ಳಿಹಿಡಕಿ ಬೆತ್ತ ತಿರುವಿಕೋತ ಸಪ್ತಾಪುರದ ಕಡೆ ತಿರುಗಾಡಾಕ ಹೋಗತಿದ್ದರು. ಬರೋ ಮುಂದ ಮಾರಿ ಕಳಾ ಬ್ಯಾರೆನ ಇರತಿತ್ತು. ನಾನೂ ಹೋಗತೇನಿ ಅಂತ ಚಪ್ಪಲಿ ಮೆಟ್ಟಿದೆ. ಹೆಂಗೂ ಹೊಂಟೀರಿ ಅಂತ ಹೆಂಡತಿ ಸಂತಿ ಚೀಲ ಕೊಟ್ಟಳು. ಹೆಂಗೂ ಹೊಂಟಾರ ಅಂತ ಬಾಜೂಮನಿಯವರೂ ಒಂದು ಕೊಟ್ಟರು.

ಹೊಳ್ಳಿ ಬರೋ ಮುಂದ ಎರಡೂ ಚೀಲ ತುಂಬಿ, ಹೆಗಲ ಮ್ಯಾಲೆ ಒಂದು ಕುಂಬಳಕಾಯಿ. ಎದುರಿಗೆ ಅವರು, ಚೀಲಿಲ್ಲ ಭಾರಿಲ್ಲ, ಬೆತ್ತ ತಿರುವಿಕೋತ. ಕುಂಬಳಕಾಯಿ ನೋಡಿ ಬಾಳ ಮೆಚ್ಚಿದರು. ಸಂಜಿಗೆ ಹೆಂಡತಿ ಅದರಾಗ ಅರ್ಧ ಕೊಯ್ದು ಅವರ ಮನಿಗೇ ಕೊಟ್ಟು ಬಂದಳು.

೪. ಗುಟ್ಟು

ಅದನ್ನ ಕೊಡಾಕ ಹೋದಾಗ ಹೆಂಡತಿಗೆ ಗುಟ್ಟು ತಿಳೀತು. ಪಾಪ, ಅವರಿಗೆ ಮೂರು ವರ್ಷಾತು ಆರಾಮಿಲ್ಲಂತ. ಎದಿ ಸೂಕ್ಷ್ಮಂತ. ಸಂಜಿಮುಂದ ಅಲುಗಾಡಬಾರದಂತ, ಭಾರ ಎತ್ತಬಾರದಂತ, ಗಾಳಿಗೆ ಮಾತ್ರ ತಿರುಗಾಡಬೇಕಂತ.

ಯಾವ ಡಾಕ್ಟರ ಹೇಳಿದರು ಅಂತ ಕೇಳಿದೆ. "ಡಾಕ್ಟರ ಯಾಕ ಬೇಕ್ರಿ, ಅವರೇ ಹೇಳ್ಯಾರಂತ" ಅಂದಳು.

ನಾನು ಉರದು ಹೋದೆ. ಕಚೇರ್ಯಾಗ ದಿನಾ ಮಧ್ಯಾಹ್ನ ಹನ್ನೆರಡು ಮಿರ್ಚಿ ಭಜಿ ತಿನ್ನೋ ಮನಶ್ಯಾ ಅವ. ಮೂರು ವರ್ಷ ಆರಾಮಿಲ್ಲ ಅಂತ ಹೇಳಿ ಆರಾಮ ಇದ್ದಾನ! ಇಂಥಾ ಸಾದಾ ಮಾತು ನನಗ್ಯಾಕ ಹೊಳೀಲಿಲ್ಲ ಅನ್ನೋದ ನನ್ನ ದೊಡ್ಡ ಸಂಕಟ.

ಮರುದಿನ ಕಚೇರಿಯಿಂದ ಬಂದವನ ಎದಿ ಹಿಡಕೊಂಡು ಹೊಸ್ತಿಲದಾಗ ಕುಂತೆ. ಹೆಂಡತಿ ಗಾಬರಿ ಆಗಿ ತನ್ನ ಅಪ್ಪನ್ನ ಕುರ್ಚಿಯಿಂದ ಎಬ್ಬಿಸಿದಳು. ನನ್ನ ಕುರ್ಚ್ಯಾಗ ನಾನು ಅವತ್ತ ಮೊದಲನೇ ಸಲ ಕುಂತದ್ದು. ಎದುರಿಗೆ ಅವರು, ಇಲ್ಲೆ ನಾನು, ಇಬ್ಬರೂ ಕಾಲು ಚಾಚಿ. ನಮ್ಮ ಕುರ್ಚಿ ನಾಕು ಬೆರಳು ಉದ್ದ ಇತ್ತು. ಆ ಕಾಲು ತಾಸಿನ ಸುಖಾನ ನಾನು ಇನ್ನೂ ಮರತಿಲ್ಲ.

ಆಮ್ಯಾಲೆ ಓಣಿ ಮಂದಿ ಮಾತಾಡಿಸಿಕೊಂಡು ಹೋಗಾಕ ಬರಾಕತ್ತರು. ಯಾರಿಗರ ಆರಾಮಿಲ್ಲಂದ್ರ ಹೋಗಿ ಮಾತಾಡಿಸಿ ಬರೂದು ನಮ್ಮ ಕಡೆ ರೀತಿ. ಬಂದವರೆಲ್ಲಾ ಎದಿ ಹಿಡಕೊಂಡು ಸತ್ತ ತಮ್ಮ ತಮ್ಮ ಬಳಗದವರ ಸುದ್ದಿ ಹೇಳಿದರು. ಒಬ್ಬರು ಎದ್ದರ ಇಬ್ಬರು ಬರತಿದ್ದರು. ನಡುನಡುವ ವಾಟಗಾ ಬಟ್ಟಲ ತುಂಬ ಕಾಢೆ, ಈ ಸಲ ಹೆಂಡತಿ ಹಗ್ಗ ತೋರಸಲೇ ಇಲ್ಲ.

ಎದುರುಮನಿಯವರೂ ಬಂದರು. ಬಗ್ಗಿ ನನ್ನ ಕಿವ್ಯಾಗ, "ಖರೇನ ಆರಾಮಿಲ್ಲೇನ್ರಿ?" ಅಂತ ಕೇಳಿದರು.

"ನಿಮಗ ಎಷ್ಟು ಇಲ್ಲೋ ನನಗೂ ಅಷ್ಟ" ಅಂದೆ. ಅವರ ಮಾರಿ ಸಣ್ಣದಾತು.

ಮೂರು ದಿನ ತಡಕೊಂಡೆ. ಮೂರನೇ ಸಂಜಿ ಕಾಢೇ ವಾಟಗಾ ಕಂಡ ಕೂಡಲೇ ಎದ್ದು ನಿಂತು, ನನಗ ಪೂರಾ ಆರಾಮ ಆತು ಅಂತ ಓಣಿಗೆಲ್ಲಾ ಕೇಳೋಹಂಗ ಹೇಳಿದೆ. ಮಾವನವರು ಲಗೂನ ಕುರ್ಚ್ಯಾಗ ಕುಂತರು. ಹೆಂಡತಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಉಳಿದ ಕಾಢೆ ತಗೊಂಡು ಸೀದಾ ಎದುರುಮನಿಗೆ ಓಡಿದಳು. "ಅಕ್ಕಾರ, ಇವರದೂ ನಿಮ್ಮವರದ ಜಡ್ಡು. ಮೂರ ದಿನದಾಗ ಆರಾಮ ಆದರು ನೋಡ್ರಿ. ನಿಮ್ಮವರಿಗೂ ಕುಡಸ್ರಿ."

ಮುಂದಿನ ವಾರ ಸಂಜಿ ನಾನು ಬಾವಿಗೆ ಹೋದರ ಎದುರಿನ ಕುರ್ಚಿ ಖಾಲಿ ಇತ್ತು. ಅದರ ಧಣಿ ಬಾವಿಕಟ್ಟಿ ಮ್ಯಾಲೆ ಕಚ್ಚಿ ಹಾಕಿ ನಿಂತು ನೀರು ಜಗ್ಗಾಕತ್ತಿದ್ದರು. ಮೂರು ವರ್ಷದ ಜಡ್ಡು ಅವರಿಗೆ ಎರಡ ದಿನದಾಗ ನೆಟ್ಟಗಾಗಿತ್ತು.

ಹಗ್ಗ ನನ್ನ ಕೈಗೆ ಕೊಡೋ ಮುಂದ, "ನೀವು ಇಷ್ಟು ಲಗೂ ಆರಾಮ ಆಗಬಾರದಿತ್ರಿ" ಅಂದರು.

ಅವತ್ತು ನಾನು ಇಪ್ಪತ್ತು ಕೊಡ ನೀರು ಸೇದಿದೆ. ಅಷ್ಟು ಆರಾಮ ನನಗ ಜನ್ಮದಾಗ ಎಂದೂ ಆಗಿರಲಿಲ್ಲ.