ಕಿಟಕಿಯ ಮೇಲಿನ ಥಿನ್ನರ್ ಬಾಟಲಿ

ಬಿಸಾಡುವುದಕ್ಕೂ ಒಂದು ಧೈರ್ಯ ಬೇಕು. ದೇವರು ಅದನ್ನು ನನಗೆ ಕೊಡಲಿಲ್ಲ. ನಿಂತ ಗಡಿಯಾರದ ಸೆಲ್ಲಿನಿಂದ ಹಿಡಿದು ಮೊದಲನೆಯ ಮೊಬೈಲಿನ ಉಬ್ಬಿದ ಬ್ಯಾಟರಿಯವರೆಗೆ ಎಲ್ಲವನ್ನೂ "ಯಾವತ್ತಾದರೂ ಬೇಕಾಗುತ್ತೆ" ಎಂದು ಅಟ್ಟಕ್ಕೇರಿಸುವವನು ನಾನು. ಹೊಸೂರಿನ ಕಾರ್ಖಾನೆಯೊಂದರ ಪೇಂಟ್ ಸೆಕ್ಷನ್ನಿನಲ್ಲಿ ಕೆಲಸ ಸಿಕ್ಕ ಮೇಲಂತೂ ಈ ರೋಗ ಹೆಚ್ಚಾಯಿತು. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಸೆಕ್ಷನ್ ತೊಳೆಯುವಾಗ ಡಬ್ಬಗಳ ತಳದಲ್ಲಿ ಉಳಿದ ಪೇಂಟು, ಅದನ್ನು ತೆಳುಮಾಡುವ ಥಿನ್ನರು ನನ್ನ ಊಟದ ಬ್ಯಾಗಿನಲ್ಲಿ ಕೂತು ಮನೆಗೆ ಬರುತ್ತಿದ್ದವು. ಕದ್ದದ್ದಲ್ಲ, ಕೇಳದೆ ತಂದದ್ದು. ಸಾಲದ್ದಕ್ಕೆ ನಾನು ಅಲ್ಲಿನ ಸುರಕ್ಷತಾ ಸಮಿತಿಯ ಸದಸ್ಯ ಬೇರೆ. ಪ್ರತಿ ಡಬ್ಬಕ್ಕೂ ತಲೆಬುರುಡೆಯ ಚೀಟಿ ಅಂಟಿಸುವವನು, ಚೀಟಿಯಿಲ್ಲದ ಬಾಟಲಿ ಕಂಡರೆ ಹೊಸಬರಿಗೆ ಅರ್ಧ ಗಂಟೆ ಉಪದೇಶ ಮಾಡುವವನು. ಮನೆಯಲ್ಲಿ ಮಾತ್ರ ಥಿನ್ನರನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿ ಅಡಿಗೆಮನೆಯ ಕಿಟಕಿಯ ಮೇಲಿಟ್ಟಿದ್ದೆ. ಮನೆಯೊಳಗಿನ ಉಪದೇಶ ನನ್ನ ಹೆಂಡತಿ ಸರೋಜಳ ಇಲಾಖೆ, ನಾನು ಅದಕ್ಕೆ ಕೈ ಹಾಕುವುದಿಲ್ಲ.

ಆ ವರ್ಷ ಹಬ್ಬಕ್ಕೆ ಕೆಲಮಂಗಲದಿಂದ ಅತ್ತೆ ಬಂದರು. ಮಧ್ಯಾಹ್ನದ ಬಸ್ಸಿನಲ್ಲಿ ನಿಂತೇ ಬಂದಿದ್ದರಿಂದ ಬಾಯಾರಿತ್ತು; ನೆಗಡಿಯಿಂದ ಮೂಗೂ ಕಟ್ಟಿತ್ತು. ಸರೋಜ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ನಾನು ಪೇಪರ್ ಓದುತ್ತಿದ್ದೆ. ಅತ್ತೆ ಸೀದಾ ಅಡಿಗೆಮನೆಗೆ ಹೋಗಿ ಕಿಟಕಿಯ ಮೇಲಿದ್ದ ಬಾಟಲಿ ಎತ್ತಿಕೊಂಡರು. ಅದೃಷ್ಟಕ್ಕೆ, ಮಗಳು ತೊಳೆದಿಟ್ಟ ಲೋಟದ ಮೇಲೆ ಅವರಿಗೆ ಎಂದೂ ನಂಬಿಕೆಯಿಲ್ಲ. ಎಷ್ಟೇ ಬಾಯಾರಿದ್ದರೂ ಮೊದಲು ಲೋಟಕ್ಕೆ ಒಂದು ಗುಟುಕು ನೀರು ಹಾಕಿ, ಒಳಗೂ ಹೊರಗೂ ಬೆರಳಾಡಿಸಿ ತೊಳೆದ ಮೇಲೆಯೇ ಕುಡಿಯುವುದು. ಅವತ್ತೂ ಆ ಬಾಟಲಿಯಿಂದಲೇ ಸುರಿದುಕೊಂಡು ಹಾಗೇ ತೊಳೆದರು. ಪ್ಲಾಸ್ಟಿಕ್ ಲೋಟದ ಮೇಲೆ ಅಚ್ಚಾಗಿದ್ದ ಗುಲಾಬಿ ಹೂವು ಕರಗಿ ಬೆರಳಿಗೆ ಬಂತು.

ಬಾಟಲಿ ಹಿಡಿದು, ಕೆಂಪಾದ ಬೆರಳು ತೋರಿಸುತ್ತ ಹೊರಗೆ ಬಂದು, "ಅಳಿಯಂದ್ರೇ, ಇದ್ಯಾವೂರ್ ನೀರು? ಹೂವೇ ಕಿತ್ಕೊಂಡ್ ಬತ್ತದಲ್ಲ," ಎಂದರು.

ಬಾಟಲಿ ನೋಡಿದ್ದೇ ಪೇಪರ್ ಕೆಳಗೆ ಹಾಕಿ ಎದ್ದೆ. ಓಡಿಹೋಗಿ ಅವರ ಕೈಗೆ ಸೋಪು ಹಚ್ಚಿ ತೊಳೆಸಿದೆ. ಅವರು ಲೋಟ ತೊಳೆಯದಿದ್ದರೆ ಏನಾಗುತ್ತಿತ್ತು ಎಂದು ನೆನೆದು ನನಗೆ ನಿಜವಾಗಿ ಭಯವಾಯಿತು, ನಾಚಿಕೆಯೂ ಆಯಿತು. ಅತ್ತೆ ಮಾತ್ರ ಒಂದು ಚೊಂಬು ಒಳ್ಳೆಯ ನೀರು ಕುಡಿದು, ಅಟ್ಟದ ಮೇಲಿನದನ್ನೆಲ್ಲ ಇಳಿಸಲು ಹೇಳಿ, ಮಣೆ ಹಾಕಿಕೊಂಡು ಕೂತರು.

ಹಿತ್ತಾಳೆ ಉಜ್ಜುವ ಔಷಧಿ ತೋರಿಸಿದರೆ, "ಹುಣಸೇಹಣ್ಣು, ಬೂದಿ ಎಲ್ಲೋದ್ವು?" ಎಂದರು. ಹುಳ ಬೀಳದಂತೆ ಅಕ್ಕಿಗಿಡುವ ಗುಳಿಗೆ ತೋರಿಸಿದರೆ, "ಒಣಗಿದ್ ಬೇವಿನ್ ಸೊಪ್ಪು ಹಾಕಿ." ಬಚ್ಚಲಿನ ಆಸಿಡ್ ತೋರಿಸಿದರೆ, "ಅಡಿಗೆ ಸೋಡ, ನಿಂಬೇಹಣ್ಣು, ಆಮೇಲೆ ನಿಮ್ ರಟ್ಟೆ." ಸರೋಜ ಬಹಳ ಸಂತೋಷದಿಂದ ತಲೆಯಾಡಿಸುತ್ತಿದ್ದಳು. ಥಿನ್ನರು, ಹೆಪ್ಪುಗಟ್ಟಿದ ಪೇಂಟು, ಸೆಲ್ಲುಗಳ ಸರದಿ ಬಂದಾಗ ಅತ್ತೆ ಸೋತರು. "ಇದ್ಕೆ ನನ್ ತಾವ ಮದ್ದಿಲ್ಲ. ಮೋರಿಗ್ ಸುರ್ದ್ಬುಡಿ."

ನನ್ನೊಳಗಿನ ಸಮಿತಿಯ ಸದಸ್ಯ ಎದ್ದು ಕೂತ. ಮೋರಿಗೆ ಸುರಿದರೆ ಕೆರೆ ಕೆಡುತ್ತದೆ, ಸುಟ್ಟರೆ ಗಾಳಿ ಕೆಡುತ್ತದೆ, ಹೂತರೆ ಬೋರ್‌ವೆಲ್ ನೀರು ಕೆಡುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆಂದೇ ಒಂದು ಶೆಡ್ಡಿದೆ, ಅಲ್ಲಿಂದ ಬೇರೆಯದೇ ಲಾರಿ ಬಂದು ಒಯ್ಯುತ್ತದೆ ಎಂದು ವಿವರಿಸಿದೆ.

"ಅಂಗಾರೆ ಅಲ್ಗೇ ತಗೊಂಡೋಗಿ," ಎಂದರು ಅತ್ತೆ. "ತರಾಕ್ ದಾರಿ ಗೊತ್ತಿತ್ತಲ್ಲ."

ಹಬ್ಬ ಕಳೆದ ಮೇಲೆ ಒಂದೊಂದಕ್ಕೂ ಚೀಟಿ ಅಂಟಿಸಿ, ಎರಡು ಬ್ಯಾಗು ಹೊತ್ತು ಕಾರ್ಖಾನೆಯ ಗೇಟಿನಲ್ಲಿ ನಿಂತೆ. ರಾಯಕೋಟೆ ಕಡೆಯ ವಾಚ್‌ಮನ್ ಮುನಿಯಪ್ಪ ಬ್ಯಾಗಿನೊಳಗೆ ಬಗ್ಗಿ ನೋಡಿ ತಬ್ಬಿಬ್ಬಾದರು. "ಆಚ್ಗೆ ತಗೊಂಡೋಗೋರ್ನ ಹಿಡ್ಯಾಕೆ ನಂಗೆ ಸಂಬ್ಳ ಸಾರ್. ಒಳಿಕ್ಕೆ ತರೋರ್ನ ನಾನ್ ಕಂಡೇ ಇಲ್ಲ," ಎನ್ನುತ್ತ ಒಳಬರುವ ಮಾಲಿನ ರಿಜಿಸ್ಟರ್ ತೆಗೆದರು. ಥಿನ್ನರ್ ಎಂದು ಬರೆದು, "ಯಾರ್ ಕಳ್ಸಿದ್ದು ಸಾರ್?" ಎಂದು ಕೇಳಿದರು. ನನ್ನ ಹಿಂದೆ ಇಡೀ ಶಿಫ್ಟು ಸಾಲುಗಟ್ಟಿ ಕಿವಿ ನಿಮಿರಿಸಿ ನಿಂತಿತ್ತು.

"ನಮ್ಮತ್ತೆ," ಎಂದುಬಿಟ್ಟೆ. ಸುಳ್ಳೇನಲ್ಲ.

ಮುನಿಯಪ್ಪ ಬಾಟಲಿ ಮೂಸಿದರು. ನನ್ನ ಮುಖ ನೋಡಿದರು. ಅತ್ತೆಯ ಹೆಸರು, ಊರು ಕೇಳಿ ಬರೆದುಕೊಂಡರು. ಹೀಗೆ ನಮ್ಮ ಕಾರ್ಖಾನೆಗೆ ಥಿನ್ನರ್ ಸರಬರಾಜು ಮಾಡಿದವರ ಸಾಲಿಗೆ ಕೆಲಮಂಗಲದ ವೆಂಕಟಮ್ಮನವರೂ ಸೇರಿದರು. ಅವರ ಪರವಾಗಿ ರುಜು ಹಾಕಿದವನು ನಾನೇ. ರುಜುವಿನ ಕೆಳಗೆ "ಸದಸ್ಯ, ಸುರಕ್ಷತಾ ಸಮಿತಿ" ಎಂದು ಬರೆಯುವುದು ನನ್ನ ಅಭ್ಯಾಸ. ಅವತ್ತು ಮಾತ್ರ ಕೈ ಬರಲಿಲ್ಲ.